ಆರಡಿಯ ಹಾಸಿಗೆ, ಅಂಗೈಯಗಲದ ತೋಟ

ತುಪ್ಪದ ಹೀರೆಯ ಬಳ್ಳಿಯನ್ನು ನೋಡದ ಕನ್ನಡಿಗರು ವಿರಳ. ಹಿತ್ತಿಲಿನ ಬೇಲಿಗೋ ಬಚ್ಚಲುಮನೆಯ ಮಾಡಿಗೋ ಹಬ್ಬಿಕೊಂಡು, ಅಗಲವಾದ ಹಳದಿಯ ಹೂಗಳನ್ನು ಬಿಟ್ಟು, ಎಳೆಯದಾಗಿದ್ದಾಗ ಪಲ್ಯಕ್ಕೂ ಬಜ್ಜಿಗೂ ಒದಗಿ, ಬಲಿತು ಒಣಗಿದ ಮೇಲೆ ಮೈಯುಜ್ಜುವ ನಾರಾಗಿ ಬಚ್ಚಲಿನ ಮೂಲೆಯನ್ನು ಸೇರುವ ಈ ಬಡ ತರಕಾರಿಗೆ ನಾವು ಅಂತಹ ಗೌರವವನ್ನೇನೂ ಕೊಟ್ಟವರಲ್ಲ. ಆದರೆ ಜಪಾನಿನಲ್ಲಿ ಒಬ್ಬ ಮಹಾಕವಿಯ ಪುಣ್ಯತಿಥಿಗೆ ಈ ಬಳ್ಳಿಯ ಹೆಸರನ್ನೇ ಇಟ್ಟಿದ್ದಾರೆ. ಸೆಪ್ಟೆಂಬರ್ 19ನೆಯ ದಿನ ಅಲ್ಲಿಯ ಕಾವ್ಯಪ್ರಿಯರಿಗೆ ‘ಹೀರೆಯ ತಿಥಿ’. ಆ ದಿನ ಅವರು ನೆನೆಯುವುದು ಮಸಾವೊಕ ಶಿಕಿ ಎಂಬಾತನನ್ನು.

ಮುವ್ವತ್ತೈದನ್ನೂ ತುಂಬದೆ ತೀರಿಕೊಂಡ ಈ ಕವಿ, ತನ್ನ ಬದುಕಿನ ಕೊನೆಯ ಆರು ವರ್ಷಗಳ ಬಹುಭಾಗವನ್ನು ಒಂದು ಹಾಸಿಗೆಯ ಮೇಲೆಯೇ ಕಳೆದನು. ಏಳಲಾಗದು, ನಡೆಯಲಾಗದು, ಕಡೆಕಡೆಗೆ ಮಗ್ಗುಲು ಬದಲಿಸುವುದೂ ದುಸ್ತರವಾಯಿತು. ಇಂತಹವನಿಗೆ ಜಗತ್ತಿನಲ್ಲಿ ಉಳಿದುದೇನು? ಒಂದು ಪುಟ್ಟ ತೋಟ, ಅದರೊಳಗಿನ ಕೆಲವು ಗಿಡಗಳು, ಒಂದು ಹೀರೆಯ ಚಪ್ಪರ. ಅಷ್ಟನ್ನೇ ಹಿಡಿದುಕೊಂಡು ಆತ ಬದುಕಿದ ಬಗೆಯನ್ನು ಕಾಯಿಲೆಯವರೂ ಕಾಯಿಲೆಯವರನ್ನು ನೋಡಿಕೊಳ್ಳುವವರೂ ತಿಳಿದುಕೊಳ್ಳುವುದು ಒಳ್ಳೆಯದು.

ಹಕ್ಕಿಯ ಹೆಸರು

ಶಿಕಿ ಹುಟ್ಟಿದ್ದು 1867ರಲ್ಲಿ, ಶಿಕೊಕು ದ್ವೀಪದ ಮತ್ಸುಯಾಮ ಎಂಬ ಊರಿನಲ್ಲಿ. ತಂದೆ ಕೆಳದರ್ಜೆಯ ಸಮುರಾಯಿ. ಮಗ ಇನ್ನೂ ಚಿಕ್ಕವನಾಗಿದ್ದಾಗಲೇ ತೀರಿಕೊಂಡನು. ತಾಯಿ ಯಾಯೆ ಹೊಲಿಗೆ ಹೇಳಿಕೊಟ್ಟು ಮಗನನ್ನೂ ಮಗಳನ್ನೂ ಸಾಕಿದಳು. ಹುಡುಗನು 1883ರಲ್ಲಿ ಓದಲೆಂದು ಟೋಕಿಯೋ ನಗರಕ್ಕೆ ಬಂದನು. ಆಗತಾನೆ ಅಮೆರಿಕದಿಂದ ಬಂದಿದ್ದ ಬೇಸ್‌ಬಾಲ್ ಆಟದ ಹುಚ್ಚು ಅವನಿಗೆ ಹಿಡಿಯಿತು. ದಾಂಡು ಹಿಡಿದು ಮೈದಾನದಲ್ಲಿ ಓಡಾಡುತ್ತಿದ್ದ ಈ ತರುಣನನ್ನು ಜಪಾನೀಯರು ಮರೆತಿಲ್ಲ. ಅವನು ಸತ್ತು ನೂರು ವರ್ಷಗಳಾದ 2002ರಲ್ಲಿ ತಮ್ಮ ಬೇಸ್‌ಬಾಲ್ ಕೀರ್ತಿಶಾಲಿಗಳ ಪಟ್ಟಿಯಲ್ಲಿ ಅವನ ಹೆಸರನ್ನು ಸೇರಿಸಿದರು.

1889ರ ಮೇ ತಿಂಗಳಿನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಆತ ರಕ್ತ ಕಾರಿದನು. ಕ್ಷಯ! ಆ ಕಾಲದಲ್ಲಿ ಈ ಎರಡಕ್ಷರಗಳನ್ನು ಕೇಳಿದವರಿಗೆ ಮರಣದಂಡನೆಯ ತೀರ್ಪನ್ನು ಕೇಳಿದಂತಾಗುತ್ತಿತ್ತು. ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿಯೇ ಈ ರೋಗದ ಕ್ರಿಮಿಯನ್ನು ಕಂಡುಹಿಡಿದಿದ್ದನಾದರೂ, ಅದನ್ನು ಕೊಲ್ಲುವ ಮದ್ದು ಇನ್ನೂ ಐವತ್ತು ವರ್ಷಗಳಾಚೆ ಇದ್ದಿತು. ಜಪಾನಿನಲ್ಲಿ ಕೋಗಿಲೆಯ ಕುಲಕ್ಕೆ ಸೇರಿದ ಒಂದು ಸಣ್ಣ ಹಕ್ಕಿಯುಂಟು. ಅದರ ಬಾಯಿಯ ಒಳಭಾಗ ಕೆಂಪು. ಹಾಡಿ ಹಾಡಿ ಗಂಟಲಿನಿಂದ ರಕ್ತ ಬರುವ ತನಕ ಹಾಡುವ ಹಕ್ಕಿಯೆಂದು ಜನ ಹೇಳುತ್ತಾರೆ. ಆ ಹಕ್ಕಿಯ ಹೆಸರುಗಳಲ್ಲಿ ಒಂದು ‘ಶಿಕಿ’. ರಕ್ತ ಕಾರಿದ ಯುವಕ ತನಗೆ ತಾನೇ ಆ ಹೆಸರಿಟ್ಟುಕೊಂಡನು. ತನ್ನ ಪಾಡನ್ನು ಮರೆಮಾಚದೆ, ಅದನ್ನೇ ಕಾವ್ಯನಾಮವಾಗಿ ಧರಿಸಿದ ಧೈರ್ಯ ಅದು.

ಅನಂತರ ಅವನು ವಿಶ್ವವಿದ್ಯಾನಿಲಯವನ್ನು ಬಿಟ್ಟು ‘ನಿಪ್ಪೊನ್’ ಎಂಬ ಪತ್ರಿಕೆಯನ್ನು ಸೇರಿದನು. ಹದಿನೇಳು ಅಕ್ಷರಗಳ ಕಿರುಗವಿತೆಗೆ ಹೊಸ ಜೀವ ತುಂಬಿದನು. ‘ಹೈಕು’ ಎಂಬ ಹೆಸರು ಬಳಕೆಯಲ್ಲಿ ನೆಲೆಯೂರಿದುದೇ ಅವನಿಂದ. ಚೀನ-ಜಪಾನ್ ಯುದ್ಧ ಮುಗಿಯುತ್ತ ಬಂದಿದ್ದ 1895ರ ವಸಂತದಲ್ಲಿ, ಗೆಳೆಯರು ಬೇಡವೆಂದರೂ ಕೇಳದೆ ವರದಿಗಾರನಾಗಿ ಚೀನಕ್ಕೆ ಹೋದನು. ಮರಳುವಾಗ ಹಡಗಿನಲ್ಲಿಯೇ ಮತ್ತೆ ರಕ್ತ ಬಿದ್ದಿತು. ಕೋಬೆಯ ಆಸ್ಪತ್ರೆ, ಸುಮ ಎಂಬಲ್ಲಿಯ ಕಡಲತೀರದ ಆರೋಗ್ಯಧಾಮ, ಬಳಿಕ ಹುಟ್ಟೂರಿನಲ್ಲಿ ಗೆಳೆಯ ನತ್ಸುಮೆ ಸೊಸೆಕಿಯ ಬಿಡಾರ—ಹೀಗೆ ಸುಧಾರಿಸಿಕೊಂಡು ಟೋಕಿಯೋಗೆ ಹಿಂದಿರುಗುವ ವೇಳೆಗೆ ಸೊಂಟದಲ್ಲಿ ನೋವು ಕಾಣಿಸಿಕೊಂಡಿತ್ತು. ವಾತವಿರಬಹುದೆಂದು ಅವನ ಭಾವನೆ. 1896ರ ಮಾರ್ಚಿಯಲ್ಲಿ ವೈದ್ಯರು ನಿಜವನ್ನು ಹೇಳಿದರು: ಕ್ಷಯವು ಬೆನ್ನೆಲುಬನ್ನು ಹೊಕ್ಕಿದೆ.

ಇಪ್ಪತ್ತು ತ್ಸುಬೊ ನೆಲ

ಟೋಕಿಯೋ ನಗರದ ನೆಗಿಷಿ ಎಂಬ ಬಡಾವಣೆಯಲ್ಲಿ ಶಿಕಿ, ತಾಯಿ ಮತ್ತು ತಂಗಿ ರಿತ್ಸು ಒಂದು ಸಣ್ಣ ಬಾಡಿಗೆಯ ಮನೆಯಲ್ಲಿದ್ದರು. ಮನೆಯ ದಕ್ಷಿಣಕ್ಕೆ ಇಪ್ಪತ್ತು ತ್ಸುಬೊ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 700 ಚದರ ಅಡಿಗಳ ಅಂಗಳ. ಅದರಾಚೆ ಉಎನೊ ಗುಡ್ಡದ ದೇವದಾರು ಜಾತಿಯ ಮರಗಳು. ಮೊದಲು ಬಂದಾಗ ಅವನು ಈ ಅಂಗಳವನ್ನು ಅಷ್ಟಾಗಿ ಗಮನಿಸಿರಲಿಲ್ಲ. ಬೆಟ್ಟ ಬಯಲುಗಳನ್ನು ಸುತ್ತುವ ಕಾಲಿದ್ದವನಿಗೆ ಅಂಗಳವೆಲ್ಲಿಯ ಲೆಕ್ಕ! ಕಾಲು ಹೋದ ಮೇಲೆ ಅದೇ ಅವನ ಮಲೆನಾಡಾಯಿತು, ಅದೇ ಬಯಲುಸೀಮೆಯೂ ಆಯಿತು.

1898ರಲ್ಲಿ ಅವನು ಈ ಪುಟ್ಟ ತೋಟವನ್ನು ಕುರಿತೇ ಒಂದು ಪ್ರಬಂಧ ಬರೆದನು. ಸೈನ್ಯದ ವೈದ್ಯನೂ ಹೆಸರಾಂತ ಸಾಹಿತಿಯೂ ಆಗಿದ್ದ ಮೋರಿ ಓಗಾಯ್ ಅವನಿಗೆ ಹೂವಿನ ಬೀಜದ ಪೊಟ್ಟಣಗಳನ್ನು ಕಳುಹಿಸಿದ್ದನು. ಬೀಜ ಬಿತ್ತುವುದು, ಮೊಳಕೆ ಬಂದಿತೇ ಎಂದು ಕಾಯುವುದು, ಬಾರದಿದ್ದರೆ ಮರುಗುವುದು—ನಾಳೆಯೆಂಬುದೇ ಖಚಿತವಿಲ್ಲದವನಿಗೆ ಇದೊಂದು ನಾಳೆಯಾಯಿತು. ಶರತ್ಕಾಲದಲ್ಲಿ ಕೋಳಿಜುಟ್ಟಿನ ಹೂಗಳು ಕೆಂಡದಂತೆ ನಿಂತಾಗ ಅವುಗಳನ್ನು ಎಣಿಸುವುದೇ ಅವನಿಗೊಂದು ಉತ್ಸವ. ಆ ಎಣಿಕೆಯಿಂದ ಹುಟ್ಟಿದ 1900ರ ಒಂದು ಹೈಕುವಿನ ಗುಣದೋಷಗಳನ್ನು ಕುರಿತು ಜಪಾನಿನ ವಿಮರ್ಶಕರು ಬಹುಕಾಲ ವಾದಿಸಿದ್ದಾರೆ.

ಶಿಕಿಯ ಕಾವ್ಯಸೂತ್ರ ಸರಳವಾದುದು: ಕಂಡುದನ್ನು ಕಂಡಂತೆ ಬರೆಯುವುದು. ಪಾಶ್ಚಾತ್ಯ ಶೈಲಿಯ ಚಿತ್ರಕಾರನಾದ ಗೆಳೆಯ ನಕಮುರ ಫುಸೆತ್ಸುವಿನಿಂದ ಅವನು ಇದನ್ನು ಕಲಿತುಕೊಂಡನು. ಆರೋಗ್ಯವಂತನಾಗಿದ್ದಾಗ ಅದು ಕಲೆಯ ಸೂತ್ರವಾಗಿತ್ತು. ರೋಗಿಯಾದ ಮೇಲೆ ಬದುಕಿನ ಸೂತ್ರವಾಯಿತು. ನೋವಿನಲ್ಲಿರುವವನ ಮನಸ್ಸು ತನ್ನ ಮೈಯನ್ನೇ ಸುತ್ತುತ್ತಿರುತ್ತದೆಂಬುದು ಅನುಭವಿಗಳು ಬಲ್ಲ ಸಂಗತಿ. ಒಂದು ಎಲೆಯ ಅಂಚನ್ನು, ಒಂದು ದಳದ ಬಣ್ಣವನ್ನು ನೆಟ್ಟ ನೋಟದಿಂದ ನೋಡುವಷ್ಟು ಹೊತ್ತು ಆ ಸುತ್ತುವಿಕೆ ನಿಲ್ಲುತ್ತದೆ.

ಗಾಜಿನ ಬಾಗಿಲು

ಜಪಾನಿನ ಹಳೆಯ ಮನೆಗಳ ಜಾರುಬಾಗಿಲುಗಳಿಗೆ ಕಾಗದ ಹಚ್ಚಿರುತ್ತಾರೆ. ಬೆಳಕು ಬಂದರೂ ಹೊರಗಿನದು ಕಾಣದು. ಚಳಿಗಾಲದಲ್ಲಿ ಬಾಗಿಲು ತೆರೆದರೆ ರೋಗಿಗೆ ಅಪಾಯ. ಹೊರಗೆ ಹಿಮ ಬಿದ್ದರೂ ಅದರ ಆಳವನ್ನು ಶಿಕಿ ತಾಯಿ-ತಂಗಿಯರನ್ನು ಕೇಳಿಯೇ ತಿಳಿಯಬೇಕಾಗಿತ್ತು. 1899ರ ಡಿಸೆಂಬರಿನಲ್ಲಿ ಶಿಷ್ಯ ತಕಹಮ ಕ್ಯೋಶಿಯ ನೆರವಿನಿಂದ ಅವನ ಕೋಣೆಯ ದಕ್ಷಿಣದ ಬಾಗಿಲುಗಳಿಗೆ ಗಾಜು ಕೂಡಿಸಿದರು. ಆ ದಿನಗಳಲ್ಲಿ ಮನೆಗೆ ಗಾಜು ಹಾಕಿಸುವುದು ದುಬಾರಿಯ ಸಂಗತಿ.

ಆ ಗಾಜಿನ ಹಿಂದೆ ಮಲಗಿದವನ ಸಂತೋಷ ಹೇಳತೀರದು. ಒಣಹಾಕಿದ ಬಟ್ಟೆಗಳು, ಬೇಲಿಯ ಮೇಲೆ ಕುಳಿತ ಹಕ್ಕಿ, ಚಳಿಯ ಬಿಸಿಲು—ಎಲ್ಲವೂ ಅವನಿಗೆ ಹೊಸತು. ನಡುನಡುವೆ ಅವನು ಬಣ್ಣದ ಕುಂಚವನ್ನೂ ಹಿಡಿದನು. ಬಣ್ಣಗಳನ್ನು ಕೊಟ್ಟವನು ಫುಸೆತ್ಸು. 1900ರಲ್ಲಿ ಒಂದು ಸಣ್ಣ ಹೂದಾನಿಯಲ್ಲಿ ನಿಂತ ಸೇವಂತಿಗೆಯ ಜಾತಿಯ ಒಂದೇ ಹೂವನ್ನು ಬರೆದು ದೂರದ ಊರಿನಲ್ಲಿದ್ದ ಸೊಸೆಕಿಗೆ ಕಳುಹಿಸಿದನು. ಮುಂದೆ ಜಪಾನಿನ ಅಗ್ರಗಣ್ಯ ಕಾದಂಬರಿಕಾರನಾದ ಸೊಸೆಕಿ, ಗೆಳೆಯ ಸತ್ತ ಮೇಲೂ ಆ ಚಿತ್ರವನ್ನು ಕಾಪಾಡಿಟ್ಟುಕೊಂಡು, ಅದನ್ನು ಕುರಿತು ಒಂದು ಲೇಖನವನ್ನೇ ಬರೆದನು.

ಕತ್ತಲೆಯ ದಿನಗಳು

ಇಷ್ಟನ್ನು ಓದಿದವರು, ಶಿಕಿ ಹೂವನ್ನು ನೋಡುತ್ತ ನಗುನಗುತ್ತ ಕಾಲ ಕಳೆದ ಸಂತನೆಂದು ಭಾವಿಸಬಾರದು. ಬೆನ್ನಿನಲ್ಲೂ ಸೊಂಟದಲ್ಲೂ ಹುಣ್ಣುಗಳು ತೂತುಬಿದ್ದು ಕೀವು ಸುರಿಯುತ್ತಿದ್ದಿತು. ಪ್ರತಿದಿನ ಪಟ್ಟಿ ಬದಲಾಯಿಸುವಾಗ ಅವನು ಕೂಗಿ ಅಳುತ್ತಿದ್ದನು. ಎಡಗಾಲು ಮಡಚಿಕೊಂಡೇ ಇರುತ್ತಿದ್ದುದರಿಂದ, ಮೊಣಕಾಲು ತೂರುವಂತೆ ಒಂದು ಕಡೆ ಹಲಗೆಯನ್ನು ಕತ್ತರಿಸಿ ಅವನಿಗೊಂದು ವಿಶೇಷದ ಮೇಜನ್ನು ಮಾಡಿಸಿದ್ದರು.

ಆ ಪಟ್ಟಿಗಳನ್ನು ಬದಲಾಯಿಸುತ್ತಿದ್ದವಳು ತಂಗಿ ರಿತ್ಸು. ಎರಡು ಬಾರಿ ಮದುವೆಯಾಗಿ ಎರಡೂ ಮುರಿದು ತವರಿಗೆ ಬಂದಿದ್ದ ಈಕೆ ದಾದಿಯೂ ಅಡಿಗೆಯವಳೂ ಮನೆವಾರ್ತೆಯವಳೂ ಆಗಿದ್ದಳು. ಶಿಕಿ ತನ್ನ ಖಾಸಗಿ ದಿನಚರಿಯಲ್ಲಿ ಅವಳನ್ನು ಕಲ್ಲು ಮರಗಳಂತೆ ಭಾವವಿಲ್ಲದವಳೆಂದು ಕಟುವಾಗಿ ಬೈದಿದ್ದಾನೆ. ಅದರ ಜೊತೆಯಲ್ಲಿಯೇ, ಅವಳಿಲ್ಲದಿದ್ದರೆ ತಾನು ಬದುಕಿರುವುದು ಸಾಧ್ಯವಿಲ್ಲವೆಂಬುದನ್ನೂ ಒಪ್ಪಿಕೊಂಡಿದ್ದಾನೆ. ದೀರ್ಘ ಕಾಯಿಲೆಯ ಮನೆಯಲ್ಲಿ ಇದ್ದವರಿಗೆ ಈ ಬೈಗುಳದ ಅರ್ಥವೂ ಈ ಒಪ್ಪಿಗೆಯ ಅರ್ಥವೂ ಚೆನ್ನಾಗಿ ಆದೀತು. ರೋಗಿಯ ಕೋಪ ಅತ್ಯಂತ ಹತ್ತಿರದವರ ಮೇಲೆಯೇ ಬೀಳುತ್ತದೆ.

1901ರ ಅಕ್ಟೋಬರಿನ ಒಂದು ದಿನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಬದುಕನ್ನೇ ಮುಗಿಸಿಬಿಡುವ ಯೋಚನೆ ಅವನಿಗೆ ಬಂದಿತು. ಅವನು ಅಂಜಿದನು, ಅತ್ತನು. ಅಷ್ಟರಲ್ಲಿ ತಾಯಿ ಹಿಂತಿರುಗಿದಳು. ಅದನ್ನೂ ಅವನು ಮರೆಮಾಚದೆ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ದಿನಚರಿ ಆರಂಭವಾಗುವುದು ಸೆಪ್ಟೆಂಬರ್ 2ರಂದು, ಅಂಗಳದ ಚಪ್ಪರದಿಂದ ತೂಗುತ್ತಿದ್ದ ಹೀರೆ, ಸೋರೆಗಳ ಎಣಿಕೆಯಿಂದ. ಕೋಣೆಯೊಳಗಿನ ಕತ್ತಲೆಯನ್ನೂ ಅಂಗಳದ ಬಳ್ಳಿಯನ್ನೂ ಒಂದೇ ಹೊತ್ತಗೆಯಲ್ಲಿ ದಾಖಲಿಸಿದವನು ಶಿಕಿ. ಒಂದು ಇನ್ನೊಂದನ್ನು ಅಳಿಸಲಿಲ್ಲ. ಒಂದರ ಪಕ್ಕದಲ್ಲಿ ಇನ್ನೊಂದಿತ್ತು, ಅಷ್ಟೆ. ಆ ಅಷ್ಟರಿಂದಲೇ ಅವನು ಮರುದಿನವನ್ನು ಕಂಡನು.

ಬಣ್ಣದ ಬಟ್ಟಲು

1902ರ ಮೇ 5ರಿಂದ ‘ನಿಪ್ಪೊನ್’ ಪತ್ರಿಕೆಯಲ್ಲಿ ‘ಆರಡಿಯ ರೋಗಶಯ್ಯೆ’ ಎಂಬರ್ಥದ ಹೆಸರಿನ ಅಂಕಣ ಪ್ರಾರಂಭವಾಯಿತು. ಆರಡಿಯ ಆ ಹಾಸಿಗೆಯೇ ತನ್ನ ಜಗತ್ತು, ಆದರೂ ಅದು ತನಗೆ ವಿಶಾಲವಾಯಿತೆಂಬ ಭಾವದೊಂದಿಗೆ ಅದು ತೊಡಗುತ್ತದೆ. ಒಮ್ಮೆ ಪತ್ರಿಕೆಯವರು, ರೋಗಿಗೆ ಶ್ರಮವಾದೀತೆಂಬ ಕನಿಕರದಿಂದ, ಒಂದು ದಿನದ ಲೇಖನವನ್ನು ಹಾಕಲಿಲ್ಲ. ಶಿಕಿ ಕಂಗಾಲಾದನು. ತನ್ನ ಪ್ರಾಣವೇ ಆ ಅಂಕಣದಲ್ಲಿದೆಯೆಂದು ಸಂಪಾದಕನಿಗೆ ಬರೆದು ಬೇಡಿಕೊಂಡನು. ಅಂಕಣ ಮುಂದುವರಿಯಿತು, ಒಟ್ಟು 127 ಕಂತುಗಳು. ಕೊನೆಯದು ಅಚ್ಚಾದುದು ಸೆಪ್ಟೆಂಬರ್ 17ರಂದು, ಅವನು ಕಣ್ಮುಚ್ಚುವುದಕ್ಕೆ ಎರಡು ದಿನ ಮೊದಲು.

ಆ ವೇಳೆಗೆ ಮಾರ್ಫೀನ್ ಇಲ್ಲದೆ ಒಂದು ದಿನವೂ ಕಳೆಯುತ್ತಿರಲಿಲ್ಲ. ಔಷಧ ಕುಡಿದು ನೋವು ಕೊಂಚ ಹಿಮ್ಮೆಟ್ಟಿದ ಅಲ್ಪ ವೇಳೆಯಲ್ಲಿ ಅವನು ಬಣ್ಣದ ಬಟ್ಟಲನ್ನು ತರಿಸುತ್ತಿದ್ದನು. ಜೂನ್ 27ರಿಂದ ಆಗಸ್ಟ್ 6ರವರೆಗೆ ಹಣ್ಣುಕಾಯಿಗಳ ಒಂದು ಚಿತ್ರಸಂಪುಟ. ಆಗಸ್ಟ್ 1ರಿಂದ 20ರವರೆಗೆ ಹೂಗಿಡಗಳ ಇನ್ನೊಂದು. ತಲೆದಿಂಬಿನ ಬಳಿ ಒಂದು ಹೂವನ್ನಿಟ್ಟುಕೊಂಡು ಇದ್ದಂತೆಯೇ ಬರೆಯುತ್ತ ಹೋದರೆ ಸೃಷ್ಟಿಯ ಗುಟ್ಟು ಸ್ವಲ್ಪಸ್ವಲ್ಪವಾಗಿ ತಿಳಿಯುತ್ತಿರುವಂತೆ ತೋರುತ್ತದೆಂದು ಅವನು ಹೇಳಿಕೊಂಡಿದ್ದಾನೆ. ಜ್ಞಾನವೆಂದರೆ ಯಾವ ಸ್ಥಿತಿಯಲ್ಲಿಯೂ ನೆಮ್ಮದಿಯಿಂದ ಸಾಯುವುದೆಂದು ತಾನು ತಿಳಿದಿದ್ದುದು ತಪ್ಪು, ಯಾವ ಸ್ಥಿತಿಯಲ್ಲಿಯೂ ನೆಮ್ಮದಿಯಿಂದ ಬದುಕುವುದೇ ಜ್ಞಾನವೆಂಬ ಅವನ ಪ್ರಸಿದ್ಧವಾದ ವಿಚಾರವೂ ಆ ಅಂಕಣದಲ್ಲಿಯೇ ಬರುತ್ತದೆ.

ಬಳ್ಳಿಯ ನೀರು

ಗಾಜಿನ ಬಾಗಿಲಿನ ಮುಂದೆ ಹೀರೆಯ ಚಪ್ಪರ ಹಾಕಿಸಿದ್ದುದಕ್ಕೆ ಎರಡು ಕಾರಣ. ಬೇಸಗೆಯ ಬಿಸಿಲಿಗೆ ಅದು ನೆರಳು. ಅಲ್ಲದೆ, ಹೀರೆಯ ಬಳ್ಳಿಯನ್ನು ಬುಡದ ಬಳಿ ಕತ್ತರಿಸಿ ತುದಿಯನ್ನು ಸೀಸೆಯೊಳಗಿಟ್ಟರೆ ತೊಟ್ಟಿಕ್ಕುವ ನೀರು ಕಫವನ್ನು ಕರಗಿಸುವುದೆಂದು ಜಪಾನೀಯರ ನಂಬಿಕೆ. 1902ರ ಸೆಪ್ಟೆಂಬರ್ 18ರ ಬೆಳಿಗ್ಗೆ ಶಿಕಿಗೆ ಮಾತನಾಡುವುದೂ ಕಷ್ಟವಾಗಿತ್ತು. ಕಾಗದ ಅಂಟಿಸಿದ ಹಲಗೆಯನ್ನು ತಂಗಿ ಎದುರಿಗೆ ಹಿಡಿದಳು. ಶಿಷ್ಯ ಕವಹಿಗಾಶಿ ಹೆಕಿಗೊತೊ ಮಸಿ ತುಂಬಿದ ಕುಂಚವನ್ನು ಕೈಗೆ ಕೊಟ್ಟನು. ಮಲಗಿದಂತೆಯೇ, ನಡುನಡುವೆ ನಿಂತು ಕೆಮ್ಮಿ, ಅವನು ಮೂರು ಹೈಕುಗಳನ್ನು ಬರೆದನು. ಮೂರಕ್ಕೂ ವಸ್ತು ಆ ಹೀರೆ. ಅದರ ನೀರು ತನಗೆ ಇನ್ನು ಪ್ರಯೋಜನವಿಲ್ಲವೆಂದು ಬಲ್ಲವನ, ಒಂದಿಷ್ಟು ನಗೆಯೂ ಬೆರೆತ ಮಾತುಗಳು ಅವು. ಆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಪ್ರಾಣ ಹೋಯಿತು.

ವರ್ಷಗಟ್ಟಲೆ ಮಗನ ಕೂಗನ್ನು ಕೇಳಿಯೂ ಕಣ್ಣೀರನ್ನು ತೋರಿಸದಿದ್ದ ತಾಯಿ, ಈಗ ನಿಶ್ಚಲವಾದ ಆ ದೇಹಕ್ಕೆ, ಮತ್ತೊಮ್ಮೆ ನೋವೆಂದು ಹೇಳಬಾರದೇ ಎಂದು ಕೇಳಿದಳಂತೆ. ಹೆಕಿಗೊತೊ ಇದನ್ನು ಬರೆದಿಟ್ಟಿದ್ದಾನೆ. ರಿತ್ಸು ಆಮೇಲೆ ಶಾಲೆ ಸೇರಿ ಓದಿ, ಹೊಲಿಗೆಯ ಉಪಾಧ್ಯಾಯಿನಿಯಾಗಿ, 1941ರಲ್ಲಿ ತೀರಿಕೊಳ್ಳುವ ತನಕ ಅಣ್ಣನ ಮನೆಯನ್ನು ಕಾಪಾಡಿದಳು. 1945ರ ಬಾಂಬುದಾಳಿಯಲ್ಲಿ ಮನೆ ಸುಟ್ಟುಹೋದರೂ 1950ರಲ್ಲಿ ಅಭಿಮಾನಿಗಳು ಅದನ್ನು ಮೊದಲಿನಂತೆಯೇ ಕಟ್ಟಿದರು. ಅಲ್ಲಿ ಹೀರೆಯ ಚಪ್ಪರವೂ ಉಂಟು.

ಮದ್ದು ಯಾವುದು, ಆಸರೆ ಯಾವುದು?

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತೋಟವು ಶಿಕಿಯ ಕ್ಷಯವನ್ನು ಗುಣಪಡಿಸಲಿಲ್ಲ. ಹೀರೆಯ ನೀರು ಅವನನ್ನು ಉಳಿಸಲಿಲ್ಲ. ಗಾಳಿ, ಬಿಸಿಲು, ಮರಗಿಡಗಳೇ ಕ್ಷಯಕ್ಕೆ ಮದ್ದೆಂದು ಲೋಕವೆಲ್ಲ ನಂಬಿದ್ದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಯೂರೋಪಿನ ಬೆಟ್ಟಗಳಲ್ಲಿ ಆರೋಗ್ಯಧಾಮಗಳು ಎದ್ದವು. ನಮ್ಮ ನೆರೆಯ ಮದನಪಲ್ಲಿಯ ಆರೋಗ್ಯವರಂ 1915ರಲ್ಲಿ ಆರಂಭವಾಯಿತು. ಕನ್ನಡ ನಾಡಿನಿಂದಲೂ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಮಲಗಿದವರ ನೆನಪು ಹಿರಿಯರ ಮನೆಗಳಲ್ಲಿ ಉಳಿದಿದೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ಚಿತ್ರ ಬದಲಾಯಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಒಂದು ಪ್ರಖ್ಯಾತ ಪ್ರಯೋಗದಲ್ಲಿ, ಇಕ್ಕಟ್ಟಾದ ಬಡಮನೆಗಳಲ್ಲೇ ಇದ್ದು ಮಾತ್ರೆ ನುಂಗಿದವರೂ ಆರೋಗ್ಯಧಾಮದಲ್ಲಿ ಮಲಗಿ ಅದೇ ಮಾತ್ರೆ ನುಂಗಿದವರೂ ಹೆಚ್ಚುಕಡಮೆ ಒಂದೇ ಸಮನಾಗಿ ಗುಣಹೊಂದಿದರು. ರೋಗವನ್ನು ಕೊಂದದ್ದು ಮದ್ದು. ಇಂದು ಶ್ವಾಸಕೋಶದ ಸಾಮಾನ್ಯ ಕ್ಷಯ ಆರು ತಿಂಗಳ ಔಷಧದಿಂದ ಗುಣವಾಗುತ್ತದೆ. ಬೆನ್ನೆಲುಬಿನದಾದರೆ ಇನ್ನೂ ಹೆಚ್ಚು ಕಾಲ ಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆದುದರಿಂದ ಹಸುರನ್ನು ನಂಬಿ ಮಾತ್ರೆಯನ್ನು ಬಿಡುವುದು ಅವಿವೇಕ.

ಹಾಗಾದರೆ ಆ ತೋಟ ಮಾಡಿದುದೇನು? ಅಮೆರಿಕದ ರೋಜರ್ ಉಲ್ರಿಚ್ ಎಂಬ ವಿದ್ವಾಂಸ 1984ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಕ್ರಿಯೆ ಮಾಡಿಸಿಕೊಂಡವರ ದಾಖಲೆಗಳನ್ನು ಆತ ಪರಿಶೀಲಿಸಿದನು. 23 ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ವಯಸ್ಸು ಮೊದಲಾದುವುಗಳಲ್ಲಿ ಅವರನ್ನು ಹೋಲುವ ಬೇರೆ 23 ಮಂದಿಯ ಕಿಟಕಿಯಿಂದ ಕಾಣುತ್ತಿದ್ದುದು ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಗಳಲ್ಲಿ. ನೋವು ತಣಿಸುವ ಬಲವಾದ ಔಷಧಗಳೂ ಮೊದಲಿನವರಿಗೆ ಕಡಮೆ ಬೇಕಾದವು. ವ್ಯತ್ಯಾಸ ದೊಡ್ಡದಲ್ಲ, ಶಸ್ತ್ರಕ್ರಿಯೆ ಮಾಡಿದವನು ವೈದ್ಯನೇ ಹೊರತು ಮರವಲ್ಲ. ಆದರೂ ಮದ್ದು ತನ್ನ ಕೆಲಸ ಮಾಡುವಷ್ಟು ಕಾಲ ರೋಗಿಯ ಮನಸ್ಸು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಆ ಮರ ಒಂದು ಉತ್ತರ.

ನಮ್ಮ ಮನೆಗಳಲ್ಲಿ ಬಹುಕಾಲ ಮಲಗಿದವರ ಮಂಚ ಸಾಮಾನ್ಯವಾಗಿ ಒಳಕೋಣೆಯಲ್ಲಿರುತ್ತದೆ. ಅವರ ಕಣ್ಣಿಗೆ ಬೀಳುವುದು ಗೋಡೆಯ ಸುಣ್ಣ ಮತ್ತು ಔಷಧದ ಸೀಸೆಗಳು. ಆ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಲು ಹಣ ಬೇಡ. ಕಿಟಕಿಯಾಚೆ ಏನೂ ಇಲ್ಲದಿದ್ದರೆ ಒಂದು ಮಣ್ಣಿನ ಕುಂಡವನ್ನಿಟ್ಟು ಹೀರೆಯ ಎರಡು ಬೀಜಗಳನ್ನು ಊರಿದರೆ, ವಾರದೊಳಗೆ ಮೊಳಕೆಯೊಡೆದು, ಒಂದೆರಡು ತಿಂಗಳಲ್ಲಿ ಬಳ್ಳಿ ಸರಳುಗಳನ್ನು ಹಿಡಿದುಕೊಳ್ಳುತ್ತದೆ. ಇಂದು ಎಷ್ಟು ಎಲೆ, ನಿನ್ನೆಯ ಮೊಗ್ಗು ಅರಳಿತೇ ಎಂದು ಮಲಗಿದವರನ್ನೇ ಕೇಳಿರಿ. ಲೆಕ್ಕವಿಡುವ ಕೆಲಸ ಅವರದಾಗಲಿ.